ಮೋಟಾರಿಗೆ ಎರಡನೇ ಮಿಸ್ಡ್ ಕಾಲ್

ಇಪ್ಪತ್ತೆರಡು ವರ್ಷ ಊರಿಗೆ ನೀರು ಬಿಟ್ಟವನಿಗೆ ಒಂದು ಮಿಸ್ಡ್ ಕಾಲ್ ಕೊಡುವುದು ಯಾವ ಮಹಾ ವಿದ್ಯೆ? ಹೀಗೆಂದು ನಾನು ಮೀಸೆ ತಿರುವಿದ್ದು ನಿಜ.

ಬೈರಾಪಟ್ಟಣದ ಪಕ್ಕದ ನಮ್ಮೂರಲ್ಲಿ ಮೂರು ಬೋರ್‌ವೆಲ್, ಮೂವರು ವಾಟರ್‌ಮ್ಯಾನ್‌ಗಳಿದ್ದೆವು. ಇಬ್ಬರು ನಿವೃತ್ತರಾದರು. ಅವರ ಜಾಗಕ್ಕೆ ಪಂಚಾಯಿತಿ ಮನುಷ್ಯರನ್ನು ಹಾಕಲಿಲ್ಲ, ಮೋಟಾರುಗಳಿಗೆ ಸಿಮ್ ಹಾಕಿತು. ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೂರೂ ಆನ್, ಇನ್ನೊಂದು ಕೊಟ್ಟರೆ ಆಫ್. ಸೋಮವಾರ ಪಿಡಿಒ ಸಾಹೇಬರ ಮುಂದೆ ನೀರು ಬಿಟ್ಟು ತೋರಿಸಿದರೆ ಎಲ್ಲ ನನ್ನ ಸುಪರ್ದಿಗೆ. ಇಲ್ಲದಿದ್ದರೆ ಕೆಲಸ ಗುತ್ತಿಗೆದಾರನಿಗೆ, ನಾನು ಮನೆಗೆ.

ನನ್ನದೊಂದು ಹಳೇ ಚಾಳಿ. ವಾಲ್ವ್ ತಿರುಗಿಸಿದ ಮೇಲೆ, ಯಾವುದಕ್ಕೂ ಇರಲಿ ಅಂತ ಇನ್ನೊಂದು ಸುತ್ತು ತಿರುಗಿಸುವುದು. ಮೋಟಾರುಗಳು ಊರಾಚೆ, ಸದ್ದು ಕೇಳಿಸದು. ಸೋಮವಾರ ಒಂದು ಕಾಲ್ ಕೊಟ್ಟೆ. ಯಾವುದಕ್ಕೂ ಇರಲಿ ಅಂತ ಇನ್ನೊಂದು ಕೊಟ್ಟೆ!

ನಲ್ಲಿ ಕೆಮ್ಮಲೂ ಇಲ್ಲ. ಪಕ್ಕದ ಮನೆಯ ಬೊಂಬೆ ಮಾಡುವ ಶಫಿ ಸಾಬರು ಪಾಪ, ತಮ್ಮ ಫೋನಿನಿಂದ ಒಂದು ಕೊಟ್ಟರು. ಅವರ ಪುಣ್ಯಕ್ಕೆ ನನ್ನದೂ ಒಂದು ಸೇರಿಸಿದೆ. ಆಮೇಲೆ ಪಿಡಿಒ ಸಾಹೇಬರೇ ಖುದ್ದಾಗಿ ಕೊಟ್ಟರು. ದೊಡ್ಡವರ ಕಾಲು ಒಂಟಿಯಾಗಿ ಹೋಗಬಾರದಲ್ಲ, ಹಿಂದೆಯೇ ನನ್ನದನ್ನೂ ಕಳಿಸಿದೆ. ಬಿಂದಿಗೆ ಹಿಡಿದ ಹೆಂಗಸರ ಸಾಲು ಬೆಳೆಯಿತು. ಸಾಹೇಬರು ಗುತ್ತಿಗೆದಾರನ ನಂಬರ್ ಹುಡುಕತೊಡಗಿದರು.

ಸಾಲಿನಲ್ಲಿದ್ದ ನನ್ನ ಹೆಂಡತಿ ಜಯಮ್ಮ ಬಿಂದಿಗೆ ಕೆಳಗಿಟ್ಟು ಬಂದಳು.

"ಆ ಮೋಟ್ರು ಒಂದ್ಸಲ ಹೇಳುದ್ರೆ ಕೇಳ್ತೈತೆ ಕಣ್ರೀ, ನಿಮ್ಮಂಗಲ್ಲ. ಫೋನ್ ಒಸಿ ಇತ್ತ ಕೊಡಿ."

ಒಂದೇ ಒಂದು ಕಾಲ್ ಕೊಟ್ಟು ಫೋನನ್ನು ಸೊಂಟಕ್ಕೆ ಸಿಕ್ಕಿಸಿದಳು. ಯಾವುದಕ್ಕೂ ಇರಲಿ ಅಂತ ನಾನು ಕೈ ಚಾಚಿದೆ. ಕೈ ಮೇಲೆ ಪಟ್ಟೆಂದು ಏಟು ಬಿತ್ತು. ಐದು ನಿಮಿಷಕ್ಕೆ ನಲ್ಲಿ ಬುಸುಗುಟ್ಟಿ ನೀರು ಸುರಿಯಿತು.

ಸಾಹೇಬರು ಅವಳನ್ನು ನೋಡಿದರು, ನನ್ನನ್ನೂ ನೋಡಿದರು. ಜಯಮ್ಮ ಇರುವ ಸ್ತ್ರೀಶಕ್ತಿ ಸಂಘದವರಿಗೆ ಈ ಕೆಲಸ ಕಲಿಸುವ ಮಾತು ಮೊದಲೇ ಇತ್ತಂತೆ. ಈಗ ಮೂರೂ ಮೋಟಾರು ಜಯಮ್ಮನ ಸುಪರ್ದಿಯಲ್ಲಿವೆ. ಆದರೆ ಒಡೆದ ಪೈಪನ್ನು ಯಾವ ಫೋನೂ ರಿಪೇರಿ ಮಾಡುವುದಿಲ್ಲವಲ್ಲ, ನನ್ನನ್ನೂ ಅವಳ ಕೈಕೆಳಗೆ ಉಳಿಸಿಕೊಂಡರು. ಆ ದಿನ ನನಗೆ ನಿಜಕ್ಕೂ ಅಳು ಬಂತು, ಸಂತೋಷಕ್ಕೇ.

ಈಗ ಊಟಕ್ಕೂ ಅವಳದು ಮಿಸ್ಡ್ ಕಾಲೇ. ಮೊದಲನೆಯದಕ್ಕೇ ಓಡಿ ಬರುತ್ತೇನೆ. ಎರಡನೆಯದು ಬಂತೋ, ಊಟ ಆಫ್!