ದೊಡ್ಡವ್ವನ ಮುಚ್ಚಳ

ನಮ್ಮ ದೊಡ್ಡವ್ವನ ವಯಸ್ಸು ಭಾರತ ಸರ್ಕಾರಕ್ಕೂ ಗೊತ್ತಿಲ್ಲ! ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಎಂದಿದೆ, ನಿಜ. ಆದರೆ ಕಮಲಾಪುರದಲ್ಲಿ ಅವಳ ವಾರಿಗೆಯವರೆಲ್ಲ ಹುಟ್ಟಿದ್ದು ಜನವರಿ ಒಂದರಂದೇ. ಅಂದು ಊರಿನ ಸೂಲಗಿತ್ತಿಯ ಪಾಡು ಏನಾಗಿರಬೇಕು, ನೀವೇ ಹೇಳಿ!

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಆ ಕಾರ್ಡು ಅವಳ ಎಲೆ ಅಡಿಕೆಯ ಚಂಚಿಯೊಳಗೆ, ಕರ್ಚೀಫಿನಲ್ಲಿ ಸುತ್ತಿಕೊಂಡು ಇರುತ್ತದೆ. ಸುಣ್ಣ ತಾಗಿ ಫೋಟೋದ ಅರ್ಧ ಗದ್ದ ಅಳಿಸಿಹೋಗಿದೆ. ಅಷ್ಟಾದರೂ ಮುಚ್ಚಿತಲ್ಲ ಎಂದು ಅವಳಿಗೆ ಸಮಾಧಾನ!

ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣ ಬಂತಲ್ಲ, ಕಲಬುರಗಿಗೆ ಬರುವಾಗ ಕಂಡಕ್ಟರ್ ಕೇಳಿದನಂತೆ, "ಅಮ್ಮಾ, ಕಾರ್ಡ್ ತೋರಸ್ರಿ."

"ಯಾಕೋ ತಮ್ಮಾ, ನಾ ಹೆಂಗಸು ಅನ್ನೋದು ಮಾರಿ ನೋಡಿ ಗೊತ್ತಾಗವಲ್ದೇನು?"

ಇಡೀ ಬಸ್ಸು ನಕ್ಕಿತು. ಆದರೂ ಕಾರ್ಡು ಹೊರಬರಲಿಲ್ಲ. ರೊಕ್ಕ ಕೊಟ್ಟು ಟಿಕೆಟ್ ತೆಗೆಸಿ, ಪುಕ್ಕಟೆ ಕೂತ ಹೆಂಗಸರ ನಡುವೆ ಮಹಾರಾಣಿಯ ಹಾಗೆ ಬಂದಿಳಿದಳು!

ಇನ್ನು ಅವಳ ಮನೆಗೆ ಸಮೀಕ್ಷೆಗೆ ಹೋದ ಮಾಸ್ತರರ ಕತೆ ಕೇಳಿ. ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, ಎರಡು ಕೆಂಪು ಬಾಳೆಹಣ್ಣು ಮುಂದಿಟ್ಟಳು.

"ಮನ್ಯಾಗ ಎಷ್ಟು ಮಂದಿ ಇರ್ತೀರಿ ಅಮ್ಮಾ?"

"ನಿಮ್ಮ ಮನ್ಯಾಗ ಎಷ್ಟು ಮಂದಿರೀ ಮಾಸ್ತರ?"

ಒಂದು ತಾಸಿನಲ್ಲಿ ಮಾಸ್ತರರ ಎರಡು ವರ್ಗಾವಣೆ, ಅತ್ತೆ-ಸೊಸೆಯ ಜಗಳ, ಮಗಳ ಕೆಮ್ಮು ಎಲ್ಲವೂ ದೊಡ್ಡವ್ವನ ತಲೆಯೊಳಗೆ ದಾಖಲಾದವು. ಅವರ ಹಾಳೆ ಮಾತ್ರ ಹಾಲಿನಷ್ಟು ಬಿಳುಪು! ಕೊನೆಗೆ ಸೋತು, "ಪಾಯಖಾನಿ ಆದ್ರೂ ಅದ ಏನ್ರಿ?" ಎಂದರು.

"ಅಯ್ಯ, ಅವಸರ ಆಗೇದೇನು? ಹಿಂದ ಅದ, ಹೋಗಿ ಬರ್ರಿ."

ಪಾಪ, ಅದೊಂದು ಕಾಲಂ ತುಂಬಿತು.

"ಮಂದಿ ಎಷ್ಟು ಅಂತ ಗೊತ್ತಾಗದ ಸರ್ಕಾರ ಸಾಲಿ, ದವಾಖಾನಿ ಹೆಂಗ ಕಟ್ಟತದ ದೊಡ್ಡವ್ವ?" ಎಂದು ನಾನು ವಾದಿಸಿದ್ದುಂಟು.

"ಎಣಿಸಲಿ, ಬ್ಯಾಡಂದವರ್ಯಾರು? ಬಾಗಲದಾಗ ನಿಂತು ಚಪ್ಪಲಿ ಎಣಿಸಲಿ! ಊರ ಬಾವಿಗಿ ಮುಚ್ಚಳ ಇರಂಗಿಲ್ಲ ಮಗಳ, ಮನಿ ಕೊಡಕ್ಕ ಇರ್ತದ."

ನಾನೋ ಕಾನ್ವೆಂಟಿನಲ್ಲಿ ಕಲಿತವಳು. ಬಿಟ್ಟ ಸ್ಥಳ ತುಂಬದೆ ಬಿಟ್ಟರೆ ಸಿಸ್ಟರ್ ಬೆರಳ ಗೆಣ್ಣಿನ ಮೇಲೆ ಸ್ಕೇಲಿನಿಂದ ಬಡಿಯುತ್ತಿದ್ದರು. ಇಂದಿಗೂ ಬ್ಯಾಂಕಿನ ಚೀಟಿಯಲ್ಲಿ 'ಕಚೇರಿ ಉಪಯೋಗಕ್ಕೆ ಮಾತ್ರ' ಎಂದಿದ್ದರೂ ಕೈ ತುರಿಸುತ್ತದೆ!

ಇಂಥ ನಾನೇ ಈ ಸಲ ಹೆದರಿದೆ. ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಓಣಿಗೆ ಮನೆಮನೆ ಸಮೀಕ್ಷೆ ಬಂದಾಗ ಪಕ್ಕದ ಮನೆಯ ಆಪಾ ಕಾಂಪೌಂಡಿನ ಆಚೆಯಿಂದ ಹೇಳಿದರು, "ಸಬ್ ಪೂಛ್ತೀ ಬೆಹೆನ್, ಸಮೀಕ್ಷೆಗೆ ಬಂದಾಕಿ ಎಲ್ಲಾ ಕೇಳ್ತಾಳ! ಮಕ್ಕಳು ಹುಟ್ಟಿದ್ದು ಎಷ್ಟು, ಇರೋದು ಎಷ್ಟು, ಅದನೂ ಕೇಳ್ತಾಳ."

ನನಗೆ ಆ ಎರಡು ಪ್ರಶ್ನೆಗಳ ಉತ್ತರ ಒಂದೇ ಅಲ್ಲ. ಮಗ ಹುಟ್ಟುವುದಕ್ಕಿಂತ ಮೊದಲು ಒಂದು ಹೆಣ್ಣುಕೂಸಿತ್ತು. ನಾಲ್ಕು ದಿನ ಇತ್ತು, ಅಷ್ಟೇ. ನನಗೆ ನೋವಾದೀತೆಂದು ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಒಂದು ಎಂದರೆ ಅವಳು ಇರಲೇ ಇಲ್ಲ ಎಂದಂತೆ. ಎರಡು ಎಂದರೆ ಅಪರಿಚಿತಳೊಬ್ಬಳ ಮುಂದೆ ಎಲ್ಲವನ್ನೂ ಬಿಚ್ಚಿದಂತೆ. ಹೀಗಾಗಿ ಸಮೀಕ್ಷೆಯವರನ್ನು ಬರಿಗೈಲಿ ಕಳಿಸುವುದರಲ್ಲಿ ನಿಪುಣೆಯಾದ ದೊಡ್ಡವ್ವನಿಗೆ ಫೋನು ಮಾಡಿ ಕರೆಸಿಕೊಂಡೆ!

ಬಂದವಳು ಶರಣಸಿರಸಗಿಯ ಶಾಲೆಯ ಟೀಚರು, ಚಿಕ್ಕ ವಯಸ್ಸು. ಉಗುರಿನಲ್ಲಿ ಸೀಮೆಸುಣ್ಣ, ಮೂಲೆ ಒಡೆದ ಮೊಬೈಲು. ದೊಡ್ಡವ್ವ ಬಾಗಿಲಿಗೆ ಅಡ್ಡ ಕೂತು ಶುರುಮಾಡಿದಳು.

"ಲಗ್ನ ಆಗೇದೇನವ್ವಾ?"

"ಇನ್ನಾ ಇಲ್ರಿ ಅಮ್ಮಾ. ಮೊದ್ಲ ನಿಮ್ಮ ವಯಸ್ಸು ಹೇಳ್ರಿ."

"ನೋಡಿದ್ರ ಎಷ್ಟು ಅನಸ್ತದ?"

"ಇಪ್ಪತ್ತೈದು ಬರಕೊಳ್ಳೇನ್ರಿ?"

ದೊಡ್ಡವ್ವನಿಗೆ ಮೊದಲ ಸಲ ಸರಿಜೋಡಿ ಸಿಕ್ಕಿತ್ತು! ನಕ್ಕು ಕಾಲು ಮಡಚಿ ದಾರಿ ಬಿಟ್ಟಳು.

ಓದು, ಉದ್ಯೋಗ, ಅಡುಗೆ ಗ್ಯಾಸು ಎಲ್ಲ ಮುಗಿದು ಆ ಪ್ರಶ್ನೆ ಬಂದೇಬಿಟ್ಟಿತು. ಟೀಚರ ಹೆಬ್ಬೆರಳು ಪರದೆಯ ಮೇಲೆ ತಡೆದು ನಿಂತಿತು. ನಾನು ದೊಡ್ಡವ್ವನನ್ನು ನೋಡಿದೆ. ಏನಾದರೂ ಹೇಳು, ಚಹಾ ಮಾಡು ಎನ್ನು, ಇವಳ ಲಗ್ನದ ಮಾತನ್ನಾದರೂ ತೆಗೆ!

ದೊಡ್ಡವ್ವ ಚಂಚಿಯ ದಾರ ಎಳೆದು ಕಟ್ಟಿದಳು. ಆ ನಾಲ್ಕು ದಿನ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದವಳು ಅವಳೇ.

"ಕೊಡ ನಿಂದು ಮಗಳ," ಎಂದಳು ಮೆಲ್ಲಗೆ. "ಮುಚ್ಚಳ ತಗಿಯೋದು ಬಿಡೋದು ನಿಂದೇ."

ನಾನು ಟೀಚರ ಕಡೆ ತಿರುಗಿದೆ.

"ಹುಟ್ಟಿದ್ದು ಎರಡು," ಎಂದೆ. "ಇರೋದು ಒಂದು."

ಟೀಚರು ಒತ್ತಿದಳು. ಮುಂದಿನ ಪ್ರಶ್ನೆಗೆ ಹೋಗುವಷ್ಟರಲ್ಲಿ, ಸರ್ಕಾರದ ಒಂದು ಕಾಗದವನ್ನೂ ಕಣ್ಣೆತ್ತಿ ನೋಡದ ದೊಡ್ಡವ್ವ ಮೊಣಕಾಲಿನ ಮೇಲೆ ಕೈಯೂರಿ ಎದ್ದು ಬಂದಳು.

"ತಡಿಯವ್ವಾ. ಬರದೀ? ಎಲ್ಲಿ, ತೋರಸು."

ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಒಡೆದ ಗಾಜಿನಡಿಯ ಎರಡರ ಅಂಕಿಯನ್ನು ಬಾಗಿ ನೋಡಿದಳು.

"ಇದರಾಗ ನಮ್ಮ ಕೂಸು ಅದ ಏನು?"

"ಅದಾಳ್ರಿ ಅಮ್ಮಾ."

ದೊಡ್ಡವ್ವ ಬೆರಳು ಚಾಚಿದಳು.

"ಮುಟ್ಟಬ್ಯಾಡ್ರಿ, ಅಳಸಿ ಹೋಗ್ತದ!"

ಕೂಡಲೇ ಬೆರಳು ಹಿಂದಕ್ಕೆ ತೆಗೆದುಕೊಂಡಳು. ಆಗಷ್ಟೇ ನಿದ್ದೆ ಹತ್ತಿದ ಕೂಸಿನ ಮೇಲಿಂದ ಕೈ ತೆಗೆಯುತ್ತೇವಲ್ಲ, ಹಾಗೆ.