ಸತ್ತವರು ನಮ್ಮವರೇ

ನಾಟಕ ಆಡುವವರಿಗೆ ನಗೆಪಾಟಲು ತಪ್ಪಿದ್ದಲ್ಲ. ನಗಿಸುವ ನಾಟಕ ಹಿಡಿದರೆ ಯಾರೂ ನಗುವುದಿಲ್ಲ, ಅಳಿಸುವ ನಾಟಕ ಹಿಡಿದರೆ ಊರೇ ನಗುತ್ತದೆ. ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಸುತ್ತಮುತ್ತಲಿನ ನಾವು ಏಳೆಂಟು ಗುಮಾಸ್ತರು ಸೇರಿ ಹಿಡಿದದ್ದು ಎರಡೂ ಬೆರೆತ ಒಂದು ಫಿನ್ಲೆಂಡ್ ನಾಟಕ. ಹೊರಗಿನವರು ಕಾಲಿಡದ ಒಂದು ಹಳ್ಳಿ. ಅಲ್ಲೊಬ್ಬ ಮುದುಕ ಸಾಯುತ್ತಾನೆ. ನೆಲ ಹೆಪ್ಪುಗಟ್ಟಿ ಗುಂಡಿ ತೋಡಲಾಗದೆ, ಹೆಣ ಇಟ್ಟುಕೊಂಡು ಊರವರು ಚಳಿಗಾಲವಿಡೀ ಜಗಳವಾಡುತ್ತಾರೆ. ಅಷ್ಟೇ ಕಥೆ.

ನಿರ್ದೇಶಕರು ಒಬ್ಬ ಇಂಗ್ಲಿಷ್ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡಿ, ಗೋವಿಂದರಾಜನಗರದ ವಠಾರವೊಂದರಲ್ಲಿದ್ದ ನಮ್ಮ ತಾಲೀಮಿನ ಕೋಣೆಯಲ್ಲೇ ಚಾಪೆ ಹಾಸಿಕೊಂಡಿದ್ದರು. ಕೋಣೆ ನಮ್ಮ ಸಂಘದ ಅಧ್ಯಕ್ಷರದು. ಹಿಂದಿನ ಎರಡು ನಾಟಕ ನೆಲಕಚ್ಚಿದ್ದರಿಂದ ಅವರು ರೋಸಿಹೋಗಿದ್ದರು. "ಇದೂ ಬಿದ್ರೆ ಕೋಣೆ ಟೈಪಿಂಗ್ ಇನ್‌ಸ್ಟಿಟ್ಯೂಟ್‌ನವರಿಗೆ ಕೊಟ್ಬಿಡ್ತೀನಿ ಮೇಷ್ಟ್ರೇ," ಎಂದಿದ್ದರು. ಮೇಷ್ಟ್ರಿಗೆ ಬೇರೆ ಸೂರಿರಲಿಲ್ಲ. ಹುಡುಕುವ ಮನಸ್ಸಂತೂ ಮೊದಲೇ ಇರಲಿಲ್ಲ.

೧. ಹಿಮ

ತಾಲೀಮು ಶುರುವಾದದ್ದು ಏಪ್ರಿಲ್‌ನಲ್ಲಿ. ಚಳಿ ಮೈಗೆ ಹತ್ತಬೇಕೆಂದು ಮೇಷ್ಟ್ರು ಎಲ್ಲರಿಗೂ ಕಂಬಳಿ, ಮಂಕಿ ಟೋಪಿ ಕಡ್ಡಾಯ ಮಾಡಿದರು. ಮೂರನೇ ದಿನ ಪಾದ್ರಿಯ ಪಾತ್ರದವನು ಧೊಪ್ಪನೆ ಬಿದ್ದ. ವಿಜಯನಗರದ ಡಾಕ್ಟರ ಬಳಿಗೆ ಹೊತ್ತೊಯ್ದೆವು.

"ಈ ಬಿಸಿಲಲ್ಲಿ ಕಂಬಳಿ ಯಾಕ್ರೀ ಹೊದ್ಸಿದೀರಾ?"

"ಹಿಮ ಬೀಳ್ತಾ ಇದೆ ಸಾರ್," ಎಂದ ಅವನು, ಕಣ್ಣು ಮುಚ್ಚಿಕೊಂಡೇ.

ಡಾಕ್ಟರು ಹುಚ್ಚಾಸ್ಪತ್ರೆಗೆ ಎರಡು ಚೀಟಿ ಬರೆದರು. ಒಂದು ಅವನಿಗೆ, ಇನ್ನೊಂದು ಕಂಬಳಿ ಹೊದ್ದು ಪಕ್ಕದಲ್ಲಿ ನಿಂತಿದ್ದ ನನಗೆ.

೨. ಅಳು

ಮುದುಕ ಸತ್ತಾಗ ಊರೆಲ್ಲ ಅಳುವ ದೃಶ್ಯ. ಬಾಗಿಲು ಹಾಕಿಕೊಂಡು ಒಂದು ಗಂಟೆ ಅತ್ತೆವು. ತೆಗೆದು ನೋಡಿದರೆ ವಠಾರದ ಹೆಂಗಸರು ಅನ್ನ, ಸಾರಿನ ಪಾತ್ರೆ ಹಿಡಿದು ನಿಂತಿದ್ದಾರೆ. ಮೇಷ್ಟ್ರ ಕಡೆಯವರು ಯಾರೋ ಹೋದರೆಂದು ಅವರ ಲೆಕ್ಕ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ! ನಿಜ ಹೇಳಲು ನಾನು ಬಾಯಿ ತೆರೆದೆ. ಮೇಷ್ಟ್ರು ನನ್ನ ಕಾಲು ತುಳಿದರು.

ಉಣ್ಣುತ್ತಾ ಮೆಲ್ಲಗೆ ಹೇಳಿದರು: "ಅವಳು ಹೋದಾಗ ಒಬ್ರೂ ಬಾಗಿಲು ತಟ್ಟಿರ್ಲಿಲ್ಲ ಕಣಯ್ಯ."

ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಅವರು ಉಂಡೆದ್ದು ಕೈ ತೊಳೆದು ಬಂದು, "ನಾಳೆ ಇನ್ನೂ ಸ್ವಲ್ಪ ಜೋರಾಗಿ ಅಳ್ರಪ್ಪ, ಹಪ್ಪಳ ಇರ್ಲಿಲ್ಲ," ಎಂದರು.

೩. ನಮ್ಮವರು

ಹೆಣದ ಪೆಟ್ಟಿಗೆ ಮಾಡಿಸುವುದು ನನ್ನ ಪಾಲಿಗೆ ಬಂತು. ಕುರುಬರಹಳ್ಳಿಯ ಬಡಗಿ ಧಾರವಾಡದ ಕಡೆಯವರು.

"ಹೆಣ ಇಡೋಕೆ ಒಂದು ಬೇಕಿತ್ತು, ಶನಿವಾರಕ್ಕೆ," ಎಂದೆ.

ಅವರು ಉಳಿ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ನಮ್ಮವರೇನ್ರೀ?"

ಹೆಣದ ಪಾತ್ರ ನಮ್ಮ ತಂಡದವನದೇ ತಾನೆ? "ಹೌದು, ನಮ್ಮವರೇ," ಎಂದೆ.

"ಚಿಂತಿ ಬಿಡ್ರಿ. ಎಲ್ಲಾ ಪದ್ಧತಿ ಪ್ರಕಾರ ಮಾಡಿ ತರ್ತೀನಿ."

ಪ್ರದರ್ಶನ ಶುರುವಾದ ಮೇಲೆ ರಂಗದ ಹಿಂಬಾಗಿಲಿಗೆ ಬಂದಿಳಿದದ್ದು ಪೆಟ್ಟಿಗೆಯಲ್ಲ, ವಿಮಾನ! ಬಡಗಿಯ ಕಡೆಯ ಶಿವಭಕ್ತರು ಹೆಣವನ್ನು ಮಲಗಿಸುವುದಿಲ್ಲ, ಇದರಲ್ಲಿ ಕೂರಿಸಿ ಒಯ್ಯುತ್ತಾರೆ. ಸುತ್ತ ಬಾಳೆಕಂದು, ಚೆಂಡುಹೂವು, ಗಂಟೆ. ಬೇರೆ ದಾರಿಯಿಲ್ಲದೆ ಫಿನ್ಲೆಂಡಿನ ಮುದುಕನನ್ನು ಅದರಲ್ಲೇ ಕೂರಿಸಿ ರಂಗದ ಮೇಲೆ ಹೊತ್ತು ತಂದೆವು.

ಅಲ್ಲಿಯವರೆಗೆ ಆಕಳಿಸುತ್ತಿದ್ದ ಸಭೆ ದಡಕ್ಕನೆ ಎದ್ದು ನಿಂತಿತು. ನಾಟಕವೆಂದು ಗೊತ್ತಿದ್ದರೂ ವಿಮಾನ ಕಂಡ ಮೇಲೆ ಕೂತಿರಲು ಅವರಿಂದಾಗಲಿಲ್ಲ. ಬಡಗಿ ಚಪ್ಪಲಿ ಬಿಟ್ಟು ರಂಗ ಹತ್ತಿ ಹೆಣದ ಹಣೆಗೆ ವಿಭೂತಿ ಬಳಿದರು. ಅವರ ಹಿಂದೆ ಸಾಲು ನಿಂತಿತು. ವಿಭೂತಿ ಮೂಗಿಗೆ ಹೋಗಿ ಹೆಣ ಸೀನಿತು. ಯಾರೂ ನಗಲಿಲ್ಲ. "ಪಾಪ, ಇನ್ನೂ ಆಸೆ ಇತ್ತು ಜೀವಕ್ಕೆ," ಎಂದು ಒಬ್ಬ ಅಜ್ಜಿ ಕಣ್ಣೊರೆಸಿಕೊಂಡರು. ಪರದೆಯ ಪಕ್ಕ ಮೇಷ್ಟ್ರು ನಿಜಕ್ಕೂ ಅಳುತ್ತಿದ್ದರು. ಕೋಣೆ ಹೋಯಿತೆಂದೇ ನಾನೂ ಲೆಕ್ಕ ಹಾಕಿದೆ.

ಪರದೆ ಬಿದ್ದ ಮೇಲೆ ಅಧ್ಯಕ್ಷರು ಒಳಗೆ ಬಂದರು. ಮೇಷ್ಟ್ರು ಕೋಣೆಯ ಬೀಗದ ಕೈ ಚಾಚಿದರು. ಅಧ್ಯಕ್ಷರು ಅದನ್ನು ಮೇಷ್ಟ್ರ ಜೇಬಿಗೇ ಹಾಕಿದರು.

"ಕಥೆ ಒಂದಕ್ಷರ ಅರ್ಥ ಆಗ್ಲಿಲ್ಲ ಮೇಷ್ಟ್ರೇ. ಆದ್ರೆ ಮುದುಕನ್ನ ಕಳಿಸಿಕೊಟ್ಟಿದ್ದು ಬಲು ಚೆನ್ನಾಗಿತ್ತು. ಕೋಣೆ ನೀವೇ ಇಟ್ಕೊಳಿ."

ಹೊರಟವರು ಬಾಗಿಲಲ್ಲಿ ತಿರುಗಿ ಕೇಳಿದರು: "ಅಂದ ಹಾಗೆ, ಗಣಾರಾಧನೆ ಊಟ ಯಾವತ್ತು?"

"ಹನ್ನೊಂದನೇ ದಿನ ಸಾರ್, ಮನೆಯವರನ್ನೂ ಕರ್ಕೊಂಡು ಬನ್ನಿ," ಎಂದಿತು ಹೆಣ, ಹಣೆ ಒರೆಸಿಕೊಳ್ಳುತ್ತಾ.