ಕರೆದರಷ್ಟೇ ಬರಬೇಕಾದ ಫೈಲುಗಳು

ನಮ್ಮ ಭಾವ ಮುಂಬಯಿ ಪಕ್ಕದ ಇಡೀ ಡೊಂಬಿವಲಿಯಲ್ಲಿ ಮೋಡದ ಜೊತೆ ಜಗಳವಾಡಿದ ಏಕೈಕ ಮನುಷ್ಯ! ಮಳೆಯ ಮೋಡವಲ್ಲ ಸ್ವಾಮಿ, ಇಂಟರ್ನೆಟ್ಟಿನಲ್ಲಿ ಫೈಲು ಕೂಡಿಡುವ ಕ್ಲೌಡು.

ಭಾವ ಎಂದರೆ ನನ್ನಕ್ಕನ ಗಂಡ. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಿಂದ ನಿವೃತ್ತರಾದಾಗ, ಅಲ್ಲಿ ಬಿಸಾಡಲಿಟ್ಟಿದ್ದ ಲ್ಯಾಪ್‌ಟಾಪೊಂದನ್ನು ಕೇಳಿ ತಂದು, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರು. ಅದಕ್ಕೆ ಜೀವವೇನೋ ಬಂತು, ಆದರೆ ಜಾಗ ಕಮ್ಮಿ. ಕ್ಲೌಡಿನಲ್ಲಿದ್ದ ಭಾವನ ಫೈಲುಗಳೋ ಅದರ ಎಂಟು ಪಟ್ಟು! ಹೆಸರುಗಳಷ್ಟೇ ಕಾಣಬೇಕು, ಒತ್ತಿದ ಫೈಲು ಮಾತ್ರ ಇಳಿದು ಬರಬೇಕು ಎಂಬುದು ಅವರ ಹಟ. ಕ್ಲೌಡ್ ಕಂಪನಿಯವರು ಆ ಸವಲತ್ತನ್ನು ಲಿನಕ್ಸಿಗೆ ಕೊಟ್ಟಿರಲಿಲ್ಲ.

"ಹೋಟೆಲಲ್ಲಿ ಎಂತ ಮಾಡ್ತಾರೆ ಮಾರಾಯ? ಮೆನು ಟೇಬಲ್ಲಲ್ಲಿ, ದೋಸೆ ಅಡುಗೆಮನೆಯಲ್ಲಿ. ನೀನು ಕೂತ ಕೂಡಲೇ ಇನ್ನೂರು ದೋಸೆ ತಂದು ಸುರಿದರೆ?"

"ತಿನ್ನೋದು, ಭಾವ!"

ಭಾವ ನನ್ನ ಮುಂದಿದ್ದ ಚಕ್ಕುಲಿ ತಟ್ಟೆಯನ್ನೇ ಎತ್ತಿಕೊಂಡು ಹೋದರು.

ಉಲ್ಹಾಸನಗರದ ಕಂಪ್ಯೂಟರ್ ಅಂಗಡಿಯವನು, "ಅಂಕಲ್, ಬಡಾ ಡಿಸ್ಕ್ ಲೇ ಲೋ, ಖತಂ!" ಎಂದು ದೊಡ್ಡ ಡಿಸ್ಕೊಂದನ್ನು ಮಾರಲು ನೋಡಿದ. ಹಿಂದಿನ ಡಿಸ್ಕು ಮೇಜಿನಿಂದ ಬಿದ್ದು ಸತ್ತ ಮೇಲೆ ಭಾವನಿಗೆ ಆ ಜಾತಿಯ ಮೇಲೇ ನಂಬಿಕೆಯಿಲ್ಲ. ಅದನ್ನು ಎಷ್ಟು ವಿವರವಾಗಿ ಹೇಳಿದರೆಂದರೆ, ಪಾಪ, ಅವನೇ ಚಹಾ ತರಿಸಿಕೊಟ್ಟು ಬೀಳ್ಕೊಟ್ಟ.

ಆಮೇಲೆ ಯಾವುದೋ ಪ್ರೋಗ್ರಾಂ ಹಾಕಿದರು. ಅದು ಇಡೀ ಕ್ಲೌಡನ್ನೇ ತಂದು ಸುರಿಯತೊಡಗಿತು. ಜಾಗ ತುಂಬಿ ಲ್ಯಾಪ್‌ಟಾಪ್ ಏದುಸಿರು ಬಿಟ್ಟಿತು. ಭಾವ ಗಾಬರಿಯಿಂದ ಇಳಿದದ್ದನ್ನೆಲ್ಲ ಅಳಿಸಿದರು. ಇಲ್ಲಿ ಆದದ್ದನ್ನೇ ಅಲ್ಲೂ ಮಾಡುವ ಆಜ್ಞಾಧಾರಕ ಪ್ರೋಗ್ರಾಂ ಏನು ಮಾಡಬೇಕು? ಕ್ಲೌಡಿನಲ್ಲಿದ್ದದ್ದನ್ನೂ ಅಳಿಸಿತು!

"ಎಲ್ಲಾ ಹೋಯ್ತು ಮಾರಾಯ!" ಎಂದು ಭಾವ ಫೋನು ಮಾಡಿದರು. ನಾನು ಕಲ್ಯಾಣದ ನನ್ನ ಮನೆಯಿಂದ ಓಡಿದೆ. ಪುಣ್ಯಕ್ಕೆ ಎಲ್ಲವೂ ಕ್ಲೌಡಿನ ಕಸದ ಬುಟ್ಟಿಯಲ್ಲಿ ಬೆಚ್ಚಗಿತ್ತು. ಒಂದೊಂದಾಗಿ ವಾಪಸ್ ಎತ್ತಿಡುವಾಗ ಭಾವ ಪ್ರತಿಯೊಂದನ್ನೂ ಎರಡೆರಡು ಸಲ ಎಣಿಸುತ್ತಿದ್ದರು. ಕಾರ್ಖಾನೆಯ ಹಳೇ ಡ್ರಾಯಿಂಗುಗಳಿಗೆ ಇಷ್ಟೊಂದು ಆತಂಕವೇ ಎಂದುಕೊಂಡೆ.

ತಿಂಗಳ ಬಳಿಕ ಮತ್ತೆ ಫೋನು. "ಬಂತು ಮಾರಾಯ! ಒಂದೇ ಬಂತು!" ಪಕ್ಕದಲ್ಲಿದ್ದ ನನ್ನ ಹೆಂಡತಿ, "ಯಾರಿಗೆ ಹೆರಿಗೆ?" ಎಂದಳು. ಕ್ಲೌಡನ್ನು ದೂರದ ಕಪಾಟಿನಂತೆ ತೋರಿಸಿ, ಕೇಳಿದ್ದನ್ನಷ್ಟೇ ತಂದುಕೊಡುವ ಪ್ರೋಗ್ರಾಂ ಕೊನೆಗೂ ಸಿಕ್ಕಿತ್ತು.

ಆ ಭಾನುವಾರ ಭಾವ ನನ್ನನ್ನು, ಊರಿನ ಕನ್ನಡದ ಮಕ್ಕಳಿಗೆ ಅಕ್ಕ ನಡೆಸುತ್ತಿದ್ದ ಕನ್ನಡ ತರಗತಿಗೆ ಎಳೆದೊಯ್ದರು. ಗಂಟಲಿನ ಆಪರೇಷನ್ ಆಗಿ ಅಕ್ಕನಿಗೆ ಪಿಸುಮಾತಷ್ಟೇ ಉಳಿದಿತ್ತು. ವರ್ಷದಿಂದ ನಿಂತಿದ್ದ ತರಗತಿ ಅಂದು ಮತ್ತೆ ಶುರುವಾಗುವುದಿತ್ತು. ಮಕ್ಕಳು ಮರಾಠಿಯಲ್ಲಿ ಗದ್ದಲ ಎಬ್ಬಿಸಿದ್ದರು. "ಟೀಚರ್, ಕಧೀ ಸುರು ಹೋಣಾರ್?" ಯಾವಾಗ ಶುರು ಎಂದು ಒಂದೇ ವರಾತ.

ಅಕ್ಕ ಬೋರ್ಡಿನ ಮೇಲೆ 'ಅ' ಬರೆದು, ಲ್ಯಾಪ್‌ಟಾಪಿನಲ್ಲಿ ಒಂದು ಹೆಸರು ಒತ್ತಿದಳು. ಫೈಲು ಇಳಿದು ಬರಲು ಕ್ಷಣ ಹಿಡಿಯಿತು. ಆಮೇಲೆ ಅವಳದೇ ಹಳೆಯ ತುಂಬುದನಿ ಕೋಣೆಯನ್ನು ತುಂಬಿತು: "ಮಕ್ಕಳೇ, ಗಲಾಟೆ ಸಾಕು. ನನ್ನ ಜೊತೆ ಹೇಳಿ!"

ಅಷ್ಟೂ ವರ್ಷ ಪ್ರತಿ ಪಾಠವನ್ನೂ ಭಾವ ಫೋನಿನಲ್ಲಿ ರೆಕಾರ್ಡ್ ಮಾಡಿ ಕ್ಲೌಡಿನಲ್ಲಿ ಇಟ್ಟಿದ್ದರಂತೆ.

ಮಕ್ಕಳು ಬೋರ್ಡಿನ ಕಡೆ ತಿರುಗಿದರು. "ಅ..." ಎಂದವು ಇಪ್ಪತ್ತು ಎಳೆಯ ಗಂಟಲುಗಳು, ಜೊತೆಗೆ ಹಿಂದಿನ ಬೆಂಚಿನಿಂದ ಒಂದು ಒಡಕು ಗಂಡುದನಿ. ತಿರುಗಿ ನೋಡಿದೆ. ಭಾವ ಕೈಕಟ್ಟಿ, ಕಣ್ಣು ಮುಚ್ಚಿ, ಅಕ್ಕನ ದನಿಯ ಹಿಂದೆಯೇ ಹೇಳುತ್ತಿದ್ದರು.